ನಳ ಕಾಯುವ ದಿನ

ಕುಷ್ಟಗಿಯ ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಎಂಟು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಎಲ್ಲೋ ಪೈಪು ಒಡೆಯಿತೆಂದರೆ ಅದು ಹತ್ತೂ ಆಗುತ್ತದೆ, ಹದಿನೈದೂ ಆಗುತ್ತದೆ. ದಿನ ಗೊತ್ತಿರುತ್ತದೆ, ಹೊತ್ತು ಗೊತ್ತಿರುವುದಿಲ್ಲ. ಹೀಗಾಗಿ ಪಾಳಿಯ ದಿನ ಪ್ರತಿ ಮನೆಯಲ್ಲೂ ಒಬ್ಬರು ಒಳಗೇ ಇರಬೇಕು. ಊರಲ್ಲಿ ಮದುವೆ ಇರಲಿ, ಮಣ್ಣಿರಲಿ, ಒಬ್ಬರು ನಳ ಕಾಯಬೇಕು. ನಮ್ಮ ಮನೆಯಲ್ಲಿ ಆ ಒಬ್ಬರು ನಾನು. ಕಾರಣ ಸರಳವಾಗಿದೆ: ಉಳಿದವರಿಗೆಲ್ಲ ಕೆಲಸವಿದೆ.

ನನಗೂ ಕೆಲಸವಿದೆ, ಆದರೆ ಅದನ್ನು ಕೆಲಸ ಎಂದು ಒಪ್ಪಿಕೊಳ್ಳುವವರು ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಅಂಗಡಿಯವರ ಜಾಹೀರಾತನ್ನು ಆಟೋಕ್ಕೆ ಮೈಕು ಕಟ್ಟಿ ಊರೂರು ತಿರುಗಿಸುತ್ತಾರಲ್ಲ, ಅದರಲ್ಲಿ ಕೇಳುವ ದನಿ ನನ್ನದು. ಗೌಡರ ದನಿ, ಮುದುಕಿಯ ದನಿ, ಸಿಟ್ಟಿನ ಅಳಿಯ, ಸೀರೆ ಕಂಡು ಕರಗಿದ ಹೆಂಡತಿ, ಎಲ್ಲ ನಾನೇ. ನೀರು ಬಿಡುವವನ ಬೈಕಿನ ಸದ್ದನ್ನೂ ಬಾಯಲ್ಲೇ ತೆಗೆಯುತ್ತೇನೆ. ಒಂದು ಸಲ ಹಾಗೆ ತೆಗೆದು ಇಡೀ ಓಣಿಯ ಹೆಂಗಸರನ್ನು ಕೊಡ, ಬಕೆಟ್ಟು, ಬ್ಯಾರಲ್ಲು ಸಮೇತ ಹೊರಗೆ ಕರೆಸಿದ್ದೆ. ಅವರು ನನಗೆ ಕೊಟ್ಟ ಬೈಗುಳಗಳನ್ನು ಆಮೇಲೆ ಅವರವರ ದನಿಯಲ್ಲೇ ಅವರಿಗೆ ತಿರುಗಿ ಒಪ್ಪಿಸಿದ್ದೂ ಆಯಿತು.

ಇಷ್ಟೆಲ್ಲ ಮಾಡುವವನಿಗೆ ಒಂದು ನಳ ಕಾಯುವುದು ಎಷ್ಟರ ಕೆಲಸ ಎಂದು ನಿಮಗೆ ಅನ್ನಿಸಬಹುದು. ನಮ್ಮವ್ವನಿಗೂ ಹಾಗೇ ಅನ್ನಿಸುತ್ತದೆ. ಕೈಕಾಲು ಗಟ್ಟಿ ಇದ್ದಾವ, ಕಣ್ಣು ಕಿವಿ ನೆಟ್ಟಗದಾವ, ಮತ್ತೇನು ಧಾಡಿ ಇವನಿಗೆ ಎಂದು ಆಕೆ ಕೇಳುತ್ತಾಳೆ. ನಾನೂ ಅದನ್ನೇ ಕೇಳಿಕೊಳ್ಳುತ್ತೇನೆ, ಅದೂ ಅವಳದೇ ದನಿಯಲ್ಲಿ.

ಕೊಪ್ಪಳದ ಡಾಕ್ಟರು ಆ ಧಾಡಿಗೆ ಎಡಿಎಚ್‌ಡಿ ಎಂದು ಹೆಸರಿಟ್ಟರು. ಗಮನ ಒಂದು ಕಡೆ ನಿಲ್ಲದಿರುವುದು, ಶುರು ಮಾಡಬೇಕಾದ್ದನ್ನು ಶುರು ಮಾಡಲಾಗದಿರುವುದು, ಶುರುವಾದದ್ದನ್ನು ಬಿಡಲಾಗದಿರುವುದು. ನನ್ನ ಅನುಭವದಲ್ಲಿ ಅದು ಹೀಗಿದೆ: ಸಂಜೆ ನಾಲ್ಕಕ್ಕೆ ಬಸ್ಸಿದ್ದರೆ ನಾನು ಬೆಳಗ್ಗೆಯಿಂದಲೇ ಆ ಬಸ್ಸಿನೊಳಗೆ ಸಿಕ್ಕಿಬಿದ್ದಿರುತ್ತೇನೆ. ನಡುವೆ ಸ್ನಾನ ಮಾಡಲು ಆಗುವುದಿಲ್ಲ, ಉಣ್ಣಲು ಆಗುವುದಿಲ್ಲ, ಕೂತ ಕುರ್ಚಿಯಿಂದ ಏಳಲು ಆಗುವುದಿಲ್ಲ. ಏಳಬೇಕು ಎಂದು ನೂರು ಸಲ ಹೇಳಿಕೊಳ್ಳುತ್ತೇನೆ. ಬಾಗಿಲು ತೆರೆದೇ ಇರುತ್ತದೆ, ಹೊಸ್ತಿಲು ಮಾತ್ರ ದಾಟಲಾಗುವುದಿಲ್ಲ. ನೋಡಿದವರು ಮೈಗಳ್ಳ ಅನ್ನುತ್ತಾರೆ. ಮೈಗಳ್ಳನಿಗಾದರೂ ಕೂತಲ್ಲಿ ಸುಖವಿರುತ್ತದೆ.

ಡಾಕ್ಟರ ಮುಂದೆ ನಾನು ನನ್ನ ಆಟಗಳನ್ನೆಲ್ಲ ಆಡಿ ತೋರಿಸಿದೆ. ಅವರು ಭಾಳ ನಕ್ಕರು. ಆಮೇಲೆ, ಏನಾದರೂ ತಪ್ಪಿದಾಗ ನಿಮಗೆ ನೀವು ಏನು ಹೇಳಿಕೊಳ್ಳುತ್ತೀರಿ, ಅದನ್ನೂ ಮಾಡಿ ತೋರಿಸಿ ಎಂದರು. ತೋರಿಸಿದೆ. ಮೊದಲು ಅವ್ವ, ಆಮೇಲೆ ಹೈಸ್ಕೂಲಿನ ಗಣಿತದ ಮಾಸ್ತರು, ಆಮೇಲೆ ಅಣ್ಣ, ನಡುವೆ ಒಬ್ಬ ಬಸ್ ಕಂಡಕ್ಟರು. ನನಗೆ ಅದು ನನ್ನ ಒಳ್ಳೆಯ ಆಟಗಳಲ್ಲೊಂದು ಅನ್ನಿಸುತ್ತಿತ್ತು. ಡಾಕ್ಟರು ನಗುವುದನ್ನು ನಿಲ್ಲಿಸಿದ್ದರು. ಮಾತ್ರೆ ಬರೆದುಕೊಟ್ಟು, ಇನ್ನೊಬ್ಬರಿಗೆ ಹೇಳುವ ಹಾಗೆ ನಿಮಗೂ ಮೆತ್ತಗೆ ಹೇಳಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ ಎಂದರು. ಆಯಿತೆಂದು ಬಂದೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹೇಳಿಕೊಂಡರೆ ಹೊರಟದ್ದು ಡಾಕ್ಟರದೇ ಮೂಗಿನ ದನಿ. ನಾನು ನಕಲು ಮಾಡುವವನು. ಅಂಥ ಮೆತ್ತನೆಯ ದನಿಯಲ್ಲಿ ನನ್ನ ಕೂಡ ಮಾತಾಡಿದವರು ಇಲ್ಲದಿದ್ದರೆ ಎಲ್ಲಿಂದ ತೆಗೆಯಲಿ?

ಆ ಪಾಳಿ ಬಂದದ್ದು ವೈನಿಯ ಕುಬಸದ ಹಿಂದಿನ ದಿನ. ವೈನಿ ಎಂದರೆ ಅಣ್ಣನ ಹೆಂಡತಿ, ಬಸುರಿ; ಕುಬಸ ಎಂದರೆ ಅವಳ ಸೀಮಂತ. ಮರುದಿನ ಬೆಳಗ್ಗೆ ಅವಳ ತವರಿನವರು ಸೀರೆ, ಕುಪ್ಪಸ, ಬುಟ್ಟಿಗಟ್ಟಲೆ ಉಂಡಿ ಹೊತ್ತುಕೊಂಡು ಮಂಗಳೂರಿನಿಂದ ಬರುವವರಿದ್ದರು. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯದು. ಬಂದವರಿಗೆ ಕಾಲು ತೊಳೆಯಲು ನೀರು, ಕುಡಿಯಲು ನೀರು, ಅಡಿಗೆಗೆ, ಪಾತ್ರೆಗೆ ನೀರು. ಸಂಪಿನ ತಳ ಕಾಣುತ್ತಿತ್ತು. ಅದೇ ದಿನ ಅವ್ವ ವೈನಿಯನ್ನು ಕೊಪ್ಪಳಕ್ಕೆ ತಪಾಸಣೆಗೂ ಕರೆದೊಯ್ಯಬೇಕಿತ್ತು. ಅಣ್ಣ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ. ಅವನು ಬರುವುದು ಸಂಜೆಗೆ. ಉಳಿದವನು ನಾನು.

ಅವ್ವ ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಬಿಟ್ಟು, ಮಗ್ಗಲ ಮನೆಯ ಚಾಚಿಗೆ ಹೇಳಿ ಹೋಗುತ್ತೇನೆ, ಅವರೇ ನಮ್ಮದೂ ಪೈಪು ಹಚ್ಚಲಿ ಎಂದಳು. ವೈನಿ ಅವಳ ಕೈ ಹಿಡಿದಳು.

"ಯಾಕ್ರಿ ಅತ್ತಿ, ಮನ್ಯಾಗ ಆಳಿಲ್ಲೇನು? ನಮ್ಮ ಮೈದುನ ತುಂಬ್ತಾನ. ನಾ ಹೇಳಾಕತ್ತೀನಲ್ಲ."

"ನೀ ಹೇಳ್ತಿ. ನಾಳೆ ನಿಮ್ಮ ತವರಿನ್ಯಾರ ಮುಂದ ಖಾಲಿ ಚರಗಿ ಹಿಡಕೊಂಡು ನಿಂದ್ರಾಕಿ ನಾನು."

"ತುಂಬ್ಲಿಲ್ಲಂದ್ರ ನಾನs ನಿಂದರ್ತೀನಿ ಬಿಡ್ರಿ," ಎಂದು ವೈನಿ ನಕ್ಕಳು. ಹೋಗುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಅನುಮಾನ ಇದೆ ಎಂದಾಗುತ್ತಿತ್ತು, ಅಷ್ಟು ಜಾಣೆ. ಅವಳ ಮಾತು ಈಗ ನನ್ನ ತಲೆಯ ಮೇಲೆ ಕೂತಿತು.

ನಮ್ಮ ನಳ ಮನೆಯ ಮುಂದಿನ ಗುಂಡಿಯಲ್ಲಿದೆ. ಮೊದಲು ಬರುವುದು ಗಾಳಿ, ಆಮೇಲೆ ರಾಡಿ ನೀರು. ರಾಡಿ ಹರಿದು ತಿಳಿಯಾದ ಮೇಲೆ ಪೈಪು ಸಿಕ್ಕಿಸಿ ಅಂಗಳದ ಸಂಪಿಗೆ ಬಿಡಬೇಕು. ನೀರು ಜೋರಿರುವುದು ಶುರುವಿನಲ್ಲಿ ಮಾತ್ರ. ಕೆಳಗಿನ ಓಣಿಯವರೂ ಪೈಪು ಹಚ್ಚಿದರೆಂದರೆ ನಮ್ಮದು ಸಣ್ಣಗಾಗಿ, ಪೈಪಿನೊಳಗೆ ಏರುವುದೇ ಇಲ್ಲ. ಅದಕ್ಕೇ ಓಣಿಯವರೆಲ್ಲ ಒಂದು ಉಪಾಯ ಇಟ್ಟುಕೊಂಡಿದ್ದಾರೆ: ನಳ ತಿರುವಿ ಬಿಟ್ಟು ಅದರ ಕೆಳಗೆ ಒಂದು ಖಾಲಿ ಕೊಡ ಇಡುವುದು. ಮೊದಲ ನೀರು ಅದರ ತಳಕ್ಕೆ ಬಿದ್ದ ಸದ್ದಿಗೆ ಮಲಗಿದವರೂ ಎದ್ದು ಬರುತ್ತಾರೆ. ನಮ್ಮದು ತಾಮ್ರದ ಕೊಡ, ವೈನಿ ಮದುವೆಯಲ್ಲಿ ತಂದದ್ದು. ಗೋಣಿತಟ್ಟಿನ ಸಿಂಬಿ ಮಾಡಿ ಅದರ ಮೇಲೆ ಕೊಡ ಕೂರಿಸಿ, ನಳ ತಿರುವಿ, ನಾನು ಹೊಸ್ತಿಲಲ್ಲಿ ಕೂತೆ.

ಕೂತದ್ದು ಕೂತೇ ಇದ್ದೆ. ಚಪ್ಪಲಿ ಅಂಗಡಿಯ ಜಾಹೀರಾತು ಮುಗಿಸಿ ಕಳಿಸಬೇಕಿತ್ತು. ನೀರು ಬಂದರೆ ಎಂದು ಶುರು ಮಾಡಲಿಲ್ಲ. ಅವ್ವ ಇಟ್ಟು ಹೋದ ರೊಟ್ಟಿ ಉಣ್ಣಬೇಕಿತ್ತು. ಕೈ ತೊಳೆಯುವಾಗ ನೀರು ಬಂದರೆ ಎಂದು ಉಣ್ಣಲಿಲ್ಲ. ಬಿಸಿಲು ಅಂಗಳದ ಈ ಗೋಡೆ ಬಿಟ್ಟು ಆ ಗೋಡೆಗೆ ಹೋಯಿತು. ಹೊರಗೆ ಓಣಿಯಲ್ಲಿ ಜನ ಹೋಗುತ್ತಿದ್ದರು, ಬರುತ್ತಿದ್ದರು. ನಾನು ಕೊಡ ನೋಡುತ್ತ ಕೂತಿದ್ದೆ. ಯಾರೂ ನನ್ನನ್ನು ಕಟ್ಟಿ ಹಾಕಿರಲಿಲ್ಲ, ಅದೇ ಕಷ್ಟ. ಕಟ್ಟಿದ್ದರೆ ಬಿಚ್ಚಿಕೊಳ್ಳಬಹುದಿತ್ತು.

ಕೊಡ ನೋಡಿ ನೋಡಿ ಅದು ಕಪ್ಪಾಗಿರುವುದು ಕಣ್ಣಿಗೆ ಬಿತ್ತು. ಇಲ್ಲಿಂದ ಮುಂದೆ ನಾನು ಮಾಡಿದ ಪ್ರತಿಯೊಂದೂ ಸರಿಯಾದದ್ದೇ. ನಾಳೆ ವೈನಿಯ ತಾಯಿ ಬರುತ್ತಾರೆ. ಮಗಳಿಗೆ ಕೊಟ್ಟ ಕೊಡ ಹೀಗೆ ಕರ್ರಗೆ ನಳದ ಗುಂಡಿಯಲ್ಲಿ ಕೂತಿದ್ದರೆ ಏನು ತಿಳಿದಾರು? ಎತ್ತಿಕೊಂಡು ಬಚ್ಚಲಿಗೆ ಹೋದೆ. ಬೆಳಗಲು ಹುಣಸೆಹಣ್ಣು ಬೇಕು. ಡಬ್ಬಿ ತೆಗೆದರೆ ಅದರಲ್ಲಿ ಬೀಜ ಉಳಿದಿದ್ದವು. ನಾಳೆ ಸಾರಿಗೂ ಇದೇ ಹುಣಸೆ, ಬೀಜ ತೆಗೆದಿಟ್ಟರೆ ಅವ್ವನಿಗೆ ಕೆಲಸ ಹಗುರ ಎಂದು ತೆಗೆಯುತ್ತ ಕೂತೆ. ಅದು ಮುಗಿದು ಕೊಡದ ಒಂದು ಮಗ್ಗಲು ಬೆಳಗಿಯೂ ಆಯಿತು. ಅಷ್ಟರಲ್ಲಿ ಚಪ್ಪಲಿ ಅಂಗಡಿಯವರ ಫೋನು. ಆಟೋ ಬಂದು ನಿಂತೈತಿ, ದನಿ ಎಲ್ಲಿ ಎಂದರು. ಕೈಗೆ ಹುಣಸೆ ಹತ್ತಿದ್ದರೂ ಮೈಯಲ್ಲಿ ಹುರುಪು ಬಂತು. ಬೆಳಗ್ಗೆಯಿಂದ ಬಾರದಿದ್ದ ಹುರುಪು ಅದು. ಅದು ಬಂದಾಗ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಸಿಗುವುದಿಲ್ಲ. ದನಿ ಮುದ್ರಿಸಲು ಗಲಾಟೆ ಇರಬಾರದು. ಫ್ಯಾನು ಆರಿಸಿದೆ. ಕಿಟಕಿ ಹಾಕಿದೆ. ಬಾಗಿಲನ್ನೂ ಹಾಕಿದೆ.

ಹೊರಗೆ ನಳ ತೆರೆದಿತ್ತು, ಅದರ ಕೆಳಗೆ ಗೋಣಿತಟ್ಟು ಮಾತ್ರ ಇತ್ತು. ಗೋಣಿತಟ್ಟಿನ ಮೇಲೆ ಬಿದ್ದ ನೀರಿಗೆ ಸದ್ದಿಲ್ಲ.

ನಾನು ಒಳಗೆ ಮೊಣಕಾಲು ನೋವಿನ ಮುದುಕನಾಗಿ ಹೊಸ ಚಪ್ಪಲಿ ಮೆಟ್ಟಿಕೊಂಡು ಯಲಬುರ್ಗಾದ ಸಂತೆಗೆ ನಡೆಯುತ್ತಿದ್ದೆ. ಮುದುಕನ ಹೆಂಡತಿಯೂ ಆದೆ. ಆ ಹೆಂಡತಿಯ ಕೆಮ್ಮು ಸರಿ ಬರಲಿಲ್ಲವೆಂದು ಮತ್ತೆ ಮತ್ತೆ ಕೆಮ್ಮಿದೆ. ಎಷ್ಟು ಹೊತ್ತೋ ತಿಳಿಯದು. ಬಾಗಿಲು ದಬದಬ ಬಡಿದ ಸದ್ದಾಯಿತು.

"ಅರೆ ಬೇಟಾ, ಬಾಗ್ಲಾ ತಗಿ. ನಿಮ್ಮ ನೀರು ಓಣಿ ತುಂಬಾ ಹರಿಯಾಕತ್ತ್ಯಾವು," ಎಂದು ಮಗ್ಗಲ ಮನೆಯ ಚಾಚಿ ಕೂಗುತ್ತಿದ್ದರು. ಬಾಗಿಲು ತೆಗೆದದ್ದೇ ಅವರು ಗುಂಡಿಯ ಕಡೆ ಕೈ ತೋರಿಸಿದರು. ತಮ್ಮ ಪೈಪು ನೋಡಬೇಕು ಎಂದು ಸೆರಗು ಸಿಕ್ಕಿಸಿಕೊಂಡು ಓಡಿದರು.

ಗುಂಡಿ ತುಂಬಿ ಹೊರಚೆಲ್ಲಿತ್ತು. ಓಣಿಯ ಇಳಿಜಾರಿನಲ್ಲಿ ನಮ್ಮ ನೀರು ಬಿಸಿಲಿಗೆ ಹೊಳೆಯುತ್ತ ತುಂಬ ದೂರ ಹೋಗಿತ್ತು. ನಳದ ಧಾರೆ ಆಗಲೇ ಕಿರುಬೆರಳಿಗಿಂತ ಸಣ್ಣಗಾಗಿತ್ತು. ಪೈಪು ಸಿಕ್ಕಿಸಿದೆ. ಸಂಪಿನ ಬಾಯಿಗೆ ಹಿಡಿದರೆ ಪೈಪಿನ ತುದಿಯಲ್ಲಿ ಬರೀ ಗಾಳಿ.

ಆಗ ನನ್ನೊಳಗೆ ಎಲ್ಲರೂ ಬಂದರು. ಅವ್ವ ಮೊದಲು. ಒಂದು ಕೆಲಸ, ಒಂದs ಕೆಲಸ ಹೇಳಿದ್ದೆ. ಗಣಿತದ ಮಾಸ್ತರು ಹಣೆ ಒತ್ತಿಕೊಂಡರು. ಅಣ್ಣ ಏನೂ ಅನ್ನದೆ ಮುಖ ತಿರುಗಿಸಿದ, ಅದನ್ನೂ ನಾನು ಚೆನ್ನಾಗಿ ಮಾಡುತ್ತೇನೆ. ಕೊನೆಗೆ ವೈನಿ, ಖಾಲಿ ಚರಗಿ ಹಿಡಿದುಕೊಂಡು ತನ್ನ ತಾಯಿಯ ಮುಂದೆ. ಒಬ್ಬೊಬ್ಬರದೂ ದನಿ ಕೂದಲೆಳೆಯಷ್ಟೂ ತಪ್ಪಿಲ್ಲ. ನಾನು ಪೈಪು ಹಿಡಿದು ಪಾದ ಮುಳುಗುವ ನೀರಿನಲ್ಲಿ ನಿಂತಿದ್ದೆ. ನೀರು ಇನ್ನೂ ಬರುತ್ತಿತ್ತು. ಸಣ್ಣಗೆ, ಆದರೆ ಬರುತ್ತಿತ್ತು. ಪೈಪು ಬಿಚ್ಚಿ, ಕೊಡ ತಂದು ಹಿಡಿದರೆ ತುಂಬುತ್ತಿತ್ತು. ಅದು ನನಗೆ ಗೊತ್ತಿತ್ತು. ಕಾಲು ಮಾತ್ರ ಏಳಲಿಲ್ಲ. ಬೈಸಿಕೊಳ್ಳುವುದು ಮುಗಿಯದೆ ಹೇಗೆ ಹೋಗುವುದು? ಅಷ್ಟು ಮಂದಿ ನಿಂತಿದ್ದಾರೆ. ಕಣ್ಣೆದುರಿಗೆ ಇನ್ನಷ್ಟು ನೀರು ಹರಿದು ಹೋಯಿತು.

ಹಿಂದೊಮ್ಮೆ ಹನುಮನಹಳ್ಳಿಯಲ್ಲಿ ಒಂದು ಹಣ್ಣಿನ ರಸದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಜನಾದ್ರಿಗೆ ಬಂದವರು ದಿನವಿಡೀ ದಾರಿ ಕೇಳುತ್ತಿದ್ದರು. ಕಣ್ಣೆದುರೇ ಬೆಟ್ಟ, ಆದರೂ ಮೆಟ್ಟಿಲು ಎಲ್ಲಿ ಎಂದು ಕೇಳುವವರು; ಹೇಳಿದ್ದನ್ನೇ ಮತ್ತೆ ಕೇಳುವವರು; ಎಡಕ್ಕೆ ಎಂದರೆ ಬಲಕ್ಕೆ ಹೋಗಿ ತಿರುಗಿ ಬರುವವರು. ಇಡೀ ಜಗತ್ತನ್ನೇ ಆಡಿಕೊಳ್ಳುವ ನಾನು ಅವರನ್ನು ಮಾತ್ರ ಎಂದೂ ಆಡಿಕೊಂಡಿರಲಿಲ್ಲ. ಇಷ್ಟೂ ಗೊತ್ತಾಗೂದಿಲ್ಲೇನ್ರಿ, ನಾಚಿಕಿ ಇಲ್ಲೇನ್ರಿ ಎಂದು ಪರಸ್ಥಳದವರಿಗೆ ಯಾರು ಅನ್ನುತ್ತಾರೆ? ಸೀದಾ ಹೋಗ್ರಿ, ತೆಂಗಿನಕಾಯಿ ಅಂಗಡಿ ಬರ್ತೈತಿ, ಅಲ್ಲಿ ಹೊರಳ್ರಿ. ಅಷ್ಟೇ. ಅದರಲ್ಲಿ ಪ್ರೀತಿಯೂ ಇಲ್ಲ, ಬೈಗುಳವೂ ಇಲ್ಲ. ಆ ದನಿ ಗುಂಡಿಯ ಬಳಿ ಯಾಕೆ ನೆನಪಾಯಿತೋ ಹೇಳಲಾರೆ. ಪೈಪು ಹಿಡಿದು ನಿಂತಿದ್ದ ನಾನೇ ನಿಜಕ್ಕೂ ದಾರಿ ತಪ್ಪಿದವನ ಹಾಗಿದ್ದೆ, ಅದಕ್ಕಿರಬೇಕು.

"ಒಳಗ ಹೋಗ್ರಿ," ಎಂದು ನನಗೆ ನಾನೇ ಬಾಯಿಬಿಟ್ಟು ಹೇಳಿದೆ. "ಬಚ್ಚಲದಾಗ ಕೊಡ ಐತಿ. ತಗೊಂಡು ಬರ್ರಿ."

ಹೋದೆ. ತಂದೆ. ಒಂದು ಮಗ್ಗಲು ಮಿಂಚುವ, ಒಂದು ಮಗ್ಗಲು ಕಪ್ಪಗಿರುವ ಕೊಡ.

"ಪೈಪು ಬಿಚ್ಚಿ ನಳದ ಕೆಳಗ ಹಿಡೀರಿ. ತುಂಬಿದ ಮ್ಯಾಲೆ ಸಂಪಿಗೆ ಸುರೀರಿ."

ಗುಂಡಿಗೆ ಬಗ್ಗುವುದು, ತುಂಬುವುದು, ಎತ್ತುವುದು, ಸಂಪಿನ ಬಾಯಿಗೆ ಸುರಿಯುವುದು. ನಡುವೆ ಅವ್ವನ ದನಿ ಮತ್ತೆ ಶುರುವಾಗುತ್ತಿತ್ತು, ಕಾಲು ಮತ್ತೆ ನಿಲ್ಲುತ್ತಿತ್ತು. ಒಮ್ಮೆ ಫೋನು ಬಡಿದುಕೊಂಡಿತು. ಒಳಗೆ ಹೋಗಿ ಅದನ್ನು ಕೈಗೆತ್ತಿಕೊಂಡೂ ಬಿಟ್ಟಿದ್ದೆ. ಅದನ್ನ ಇಡ್ರಿ, ಹೊರಗ ಬರ್ರಿ ಎಂದು ಮತ್ತೆ ಹೇಳಬೇಕಾಯಿತು. ಎಷ್ಟು ಸಲ ಹೇಳಿದೆನೋ. ಪರಸ್ಥಳದವರು ಎರಡೆರಡು ಸಲ ಕೇಳುತ್ತಾರೆ, ಅದಕ್ಕೇನೂ ಮಾಡಲಾಗುವುದಿಲ್ಲ.

ಗೋಡೆಯಾಚೆಯಿಂದ ಚಾಚಿ ಇಣುಕಿದರು. "ಯಾರ ಕೂಡ ಮಾತಾಡಾಕತ್ತಿ, ಬೇಟಾ?"

"ಪರಸ್ಥಳದಾರು ಒಬ್ಬರು ಬಂದಾರ, ಚಾಚಿ. ದಾರಿ ಕೇಳಾಕತ್ತಾರ."

ಚಾಚಿ ಓಣಿಯ ಎರಡೂ ತುದಿ ನೋಡಿದರು. ಯಾರೂ ಇರಲಿಲ್ಲ. ನನ್ನ ಹುಚ್ಚಾಟ ಅವರಿಗೆ ಹೊಸದಲ್ಲ, ಒಳಗೆ ಹೋದರು.

ನಳ ಕೊನೆಯ ಸಲ ಗೊರಗೊರ ಎಂದು ನಿಂತಿತು. ಕುಡಿಯುವ ನೀರಿನ ಕೊಡಗಳೆಲ್ಲ ತುಂಬಿದ್ದವು. ಸಂಪಿನಲ್ಲಿ ಗೇಣಿಗಿಂತ ಸ್ವಲ್ಪ ಕಡಿಮೆ. ಬ್ಯಾರಲ್ಲುಗಳು ಖಾಲಿ. ಒಂದು ಮನೆಯ ದಿನದ ಖರ್ಚಿಗೆ ಸಾಕು, ಕುಬಸಕ್ಕೆ ಸಾಲದು. ಗೆದ್ದೆ ಎಂದು ಹೇಳುವಂತಿಲ್ಲ. ಅಂಗಳದಲ್ಲಿ ಒದ್ದೆ ಬಟ್ಟೆಯಲ್ಲೇ ಕೂತು, ಅವ್ವ, ವೈನಿ ಬರುವ ಬಸ್ಸಿನ ಹೊತ್ತಿಗಾಗಿ ಇನ್ನೊಂದು ಕಾಯುವಿಕೆ ಶುರು ಮಾಡಿದೆ. ಏನೇನು ಸುಳ್ಳು ಹೇಳಬಹುದು ಎಂದು ಯೋಚಿಸಿದೆ. ನೀರೇ ಸಣ್ಣಗೆ ಬಂದವು ಎನ್ನಬಹುದಿತ್ತು. ಆದರೆ ಓಣಿಯ ನೆಲ ಇನ್ನೂ ಹಸಿಯಾಗಿತ್ತು, ಅವರು ಅದನ್ನೇ ತುಳಿದುಕೊಂಡು ಬರಬೇಕು.

ಬಂದರು. ಅವರು ಕೇಳುವ ಮೊದಲೇ ಹೇಳಿದೆ. ಕೊಡ ಬೆಳಗಲು ಒಯ್ದದ್ದು, ಬಾಗಿಲು ಹಾಕಿಕೊಂಡದ್ದು, ಆಮೇಲೆ ಆದಷ್ಟು ತುಂಬಿದ್ದು.

ಅವ್ವ ಬೈದಳು. ನಾನು ತಲೆ ತಗ್ಗಿಸಿ, ಇನ್ನು ಮುಂದಿನ ಸಾಲು ಇದು, ಆಮೇಲೆ ಅದು ಎಂದು ಅವಳಿಗಿಂತ ಮೊದಲೇ ಒಳಗೊಳಗೆ ಹೇಳಿಕೊಳ್ಳುತ್ತ ನಿಂತೆ. ಹಾಗೆ ನಿಂತವನಿಗೆ ಒಂದು ವಿಚಿತ್ರ ತಿಳಿಯಿತು. ನನ್ನೊಳಗಿನ ಅವ್ವ ಇನ್ನೂ ಬೈಯುತ್ತಿದ್ದಳು, ಹೊರಗಿನವಳು ಆಗಲೇ ಮುಗಿಸಿದ್ದಳು. ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡಿ, ಇಷ್ಟು ಕಾಲು ತೊಳಿಯಾಕ ಸಾಕು, ಪಾತ್ರಿಗೆ ಎಲ್ಲಿಂದ ತರೂದು ಎಂದು ಲೆಕ್ಕ ಹಾಕುತ್ತಿದ್ದಳು. ನಕಲು ಮಾಡುವವರೆಲ್ಲ ಒಂದನ್ನು ಮಾಡುತ್ತೇವೆ: ಒಬ್ಬರ ಮೂಗು ಸ್ವಲ್ಪ ಉದ್ದವಿದ್ದರೆ ನಾವು ಅದನ್ನು ಮೊಳದುದ್ದ ಮಾಡುತ್ತೇವೆ, ಆಗಲೇ ಜನ ನಗುವುದು. ಅವ್ವನ ಬೈಗುಳವನ್ನೂ ನಾನು ಹಾಗೆ ಎಳೆದು ಎಳೆದು ದೊಡ್ಡದು ಮಾಡಿಟ್ಟುಕೊಂಡಿದ್ದೆ. ವರ್ಷಗಟ್ಟಲೆ ನಾನು ಹೆದರಿದ್ದು ನನ್ನದೇ ಆಟಕ್ಕೆ. ಇದು ತಿಳಿದ ಮಾತ್ರಕ್ಕೆ ಒಳಗಿನವಳು ಬಾಯಿ ಮುಚ್ಚಿದಳು ಎಂದುಕೊಳ್ಳಬೇಡಿ. ಇಲ್ಲ.

ವೈನಿ ಕಟ್ಟೆಯ ಮೇಲೆ ಕೂತು ಊದಿಕೊಂಡ ಕಾಲುಗಳನ್ನು ತಿಕ್ಕಿಕೊಳ್ಳುತ್ತಿದ್ದಳು. ಅವಳ ಮಾತು ಬಿದ್ದುಹೋಗಿತ್ತು, ಅದನ್ನು ನಾನು ಬೀಳಿಸಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ತಲೆಯೆತ್ತಿ, ಚಾಚಿಯ ಸಂಪು ತುಂಬೈತೇನು ಎಂದು ಕೇಳಿದಳು. ತುಂಬೈತಿ ಎಂದೆ.

"ಹೋಗಿ ಕೇಳು. ಗ್ವಾಡಿ ಮ್ಯಾಲಿಂದ ಒಂದು ಪೈಪು ಬಿಟ್ಟು ಕೊಡ್ತಾರೇನು. ಅತ್ತೀನ ಕಳಸಬ್ಯಾಡ. ನೀನs ಕೇಳು."

ನಾನು ಚಾಚಿಯ ಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ನಾಳೆ ಕುಬಸ, ನಾನು ನೀರು ಹರಿಯಬಿಟ್ಟೆ, ನಿಮ್ಮದರಲ್ಲಿ ಸ್ವಲ್ಪ ಕೊಡಬೇಕು ಎಂದೆ. ಅವರು ನಗಲು ತಯಾರಾಗಿ ನನ್ನ ಬಾಯನ್ನೇ ನೋಡುತ್ತಿದ್ದರು. ಏನೂ ಆಟ ಬರಲಿಲ್ಲ.

"ಹಿಂಗೈತೇನು ನಿಂದು ಖರೇ ದನಿ?" ಎಂದರು. "ಇಷ್ಟು ವರ್ಷ ಆತು, ಇವತ್ತs ಕೇಳಿದೆ." ಪೈಪು ಎಳೆದುಕೊಳ್ಳಲು ಹೇಳಿ ಮೋಟಾರು ಹಚ್ಚಲು ಒಳಗೆ ಹೋದರು. ಅವರಿಗೂ ಮುಂದಿನ ಪಾಳಿಯವರೆಗೆ ಅದೇ ನೀರು.

ಅಣ್ಣ ಅಕ್ಕಿ ಚೀಲದ ಸಮೇತ ಬರುವ ಹೊತ್ತಿಗೆ ಪೈಪು ಗೋಡೆ ದಾಟಿ ನಮ್ಮ ಸಂಪಿಗೆ ಬಿದ್ದಿತ್ತು. ನಾನು ಅದರ ಬಾಯಿ ಹಿಡಿದು ಕೂತಿದ್ದೆ. ಬಿಡುವಂತಿರಲಿಲ್ಲ; ಬಿಟ್ಟರೆ ಪೈಪು ಜಾರಿ ಚಾಚಿಯ ನೀರೂ ಅಂಗಳಕ್ಕೆ ಹೋಗುತ್ತಿತ್ತು. ಮೂಗಿನ ಮೇಲೆ ಸೊಳ್ಳೆ ಕೂತಿತ್ತು. ಎದ್ದು ಏನಾದರೂ ಮಾಡಬೇಕೆಂದು ಮೈಯೆಲ್ಲ ತುರಿಸುತ್ತಿತ್ತು. ವೈನಿ ಒಂದು ತಟ್ಟೆಯಲ್ಲಿ ಬೆಳಗಿನ ರೊಟ್ಟಿಯನ್ನೇ ತಂದು ನನ್ನ ಪಕ್ಕ ಇಟ್ಟಳು.

"ನಾಳೆ ಸಂಜಿಮುಂದ ನಾ ತವರಿಗೆ ಹೊಂಟೀನಿ," ಎಂದಳು. "ಹಡೆಯೂತನಕ ಅಲ್ಲೇ. ಬರೂ ಪಾಳಿಗೂ ನೀನs ಕಾಯಬೇಕು ಮತ್ತ. ಅತ್ತಿಗೆ ಹೇಳೀನಿ."

ಆಗೂದಿಲ್ಲ ವೈನಿ, ಬೇರೆ ಯಾರಿಗಾದರೂ ಹೇಳ್ರಿ ಎಂಬ ಮಾತು ಗಂಟಲವರೆಗೆ ಬಂತು. ಎಂಟು ದಿನ ಈಗಲೇ ಎದೆಯ ಮೇಲೆ ಬಂದು ಕೂತಂತಾಯಿತು, ಹೊಸ್ತಿಲು, ಅಂಗಳದ ಬಿಸಿಲು, ಏಳಲಾಗದ ಕಾಲು. ಅವಳು ಹೋಗದೆ ಅಲ್ಲೇ ನಿಂತಿದ್ದಳು. ಈ ಸಲ ನನ್ನನ್ನೇ ನೋಡುತ್ತಿದ್ದಳು.

"ಆಗ್ಲಿ ವೈನಿ," ಎಂದೆ. ಯಾರ ದನಿಯಲ್ಲಿ ಎಂದೆನೋ, ಗಮನಿಸಲಿಲ್ಲ. ಪೈಪು ಜಾರುತ್ತಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡೆ.